ಹುಡುಕುವ ಕೈ ತಡೆಯಲು ನಾಲ್ಕು ಸಾಲು: ಎಚ್ಚರಿಕೆ ಸಂದೇಶ ಬರೆಯುವುದು ಹೀಗೆ

ನೀವು ಹಾಸ್ಟೆಲ್ ವೈಫೈ ನೋಡಿಕೊಳ್ಳುತ್ತಿರಬಹುದು, ಇಲ್ಲವೇ ಸರ್ಚ್ ಬಾಕ್ಸ್ ಇರುವ ಒಂದು ಸೈಟ್ ನಡೆಸುತ್ತಿರಬಹುದು. ಅಲ್ಲಿ ಯಾರೋ ಮಕ್ಕಳ ಲೈಂಗಿಕ ಶೋಷಣೆಯ ವಿಡಿಯೊ ಹುಡುಕಿದರೆ ಸುಮ್ನೆ ಖಾಲಿ ಪುಟ ತೋರಿಸಿ ಬಿಡಬೇಡಿ. ನೆಟ್ ಸ್ಲೋ ಇದೆ ಅಂದುಕೊಂಡು ಇನ್ನೊಂದು ಕಡೆ ಹುಡುಕುತ್ತಾರೆ, ಅಷ್ಟೇ.

ಬರೆಯುವುದು ನಿಜವಾಗಿರಲಿ. 2016ರ ಆಗಸ್ಟ್‌ನಲ್ಲಿ ನಮ್ಮಲ್ಲಿ ಪೈರಸಿ (ಕದ್ದ ಸಿನಿಮಾ) ಇದೆಯೆಂದು ಬ್ಲಾಕ್ ಆದ ಸೈಟ್ ತೆರೆದವರಿಗೆ, ಇದನ್ನು ನೋಡುವುದೂ ಅಪರಾಧ, 3 ವರ್ಷ ಜೈಲು, 3 ಲಕ್ಷ ದಂಡ ಎಂಬ ಸಂದೇಶ ಬರುತ್ತಿತ್ತು, ನೆನಪಿದೆಯಾ? ಜನ ಗಾಬರಿಯಾದರು. ಪೈರಸಿ ಸಿನಿಮಾವನ್ನು ಬರೀ ನೋಡುವುದು ಕಾಪಿರೈಟ್ ಕಾಯ್ದೆಯಲ್ಲಿ ಅಪರಾಧವಲ್ಲ ಎಂದು ಬಾಂಬೆ ಹೈಕೋರ್ಟ್ ಹೇಳಬೇಕಾಯಿತು. ಹೀಗೆ ಒಮ್ಮೆ ಆದರೆ ಮುಂದಿನ ಸಲ ನಿಜ ಹೇಳಿದರೂ ಯಾರು ನಂಬುತ್ತಾರೆ?

ಮಕ್ಕಳ ವಿಷಯದಲ್ಲಿ ಏನನ್ನೂ ದೊಡ್ಡದು ಮಾಡಿ ಹೇಳಬೇಕಾಗಿಲ್ಲ. ಮಾಹಿತಿ ತಂತ್ರಜ್ಞಾನ (ಐಟಿ) ಕಾಯ್ದೆಯ 67ಬಿ ಸೆಕ್ಷನ್ ಪ್ರಕಾರ ಇಂಥದ್ದನ್ನು ಹುಡುಕುವುದು, ನೋಡುವುದು, ಡೌನ್‌ಲೋಡ್ ಮಾಡುವುದು ಎಲ್ಲವೂ ಅಪರಾಧವೇ. ಮೊದಲ ಸಲಕ್ಕೇ 5 ವರ್ಷದವರೆಗೆ ಜೈಲು, 10 ಲಕ್ಷದವರೆಗೆ ದಂಡ. ಹಾಗಾಗಿ ನಾನಾದರೆ ಇಷ್ಟೇ ಬರೆಯುತ್ತೇನೆ:

"ನಿಲ್ಲಿ. ನೀವು ಹುಡುಕುತ್ತಿರುವುದು ಮಕ್ಕಳ ಮೇಲಿನ ದೌರ್ಜನ್ಯ. ಹುಡುಕುವುದೂ ಅಪರಾಧ, ಪೊಲೀಸರು ಪತ್ತೆ ಹಚ್ಚಬಹುದು. ಈ ಚಟ ಬಿಡಲು ಯಾರೊಡನಾದರೂ ಮಾತಾಡಬೇಕೆ? ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416."

ಕೊನೆಯ ಸಾಲನ್ನು ದಯವಿಟ್ಟು ತೆಗೆಯಬೇಡಿ. ಹೆದರಿದವನಿಗೆ ಹೋಗಲು ಒಂದು ದಾರಿ ಬೇಕು ಅಲ್ವಾ? ಬ್ರಿಟನ್ನಿನಲ್ಲಿ 2022ರಲ್ಲಿ ಪೋರ್ನ್‌ಹಬ್ ಎಂಬ ಅಶ್ಲೀಲ ವಿಡಿಯೊ ಸೈಟ್‌ನಲ್ಲಿ ಇಂಥ ಪದ ಹಾಕಿದವರಿಗೆ ಎಚ್ಚರಿಕೆಯ ಜೊತೆಗೇ ಒಂದು ಚಾಟ್‌ಬಾಟ್ (ತಾನಾಗಿ ಮಾತಾಡುವ ಪ್ರೋಗ್ರಾಂ) ಎದುರಾಗಿ, ಸಹಾಯವಾಣಿಯ ದಾರಿ ತೋರಿಸುವಂತೆ ಮಾಡಿದರು. ಆಸ್ಟ್ರೇಲಿಯಾದ ಟ್ಯಾಸ್ಮೇನಿಯಾ ವಿಶ್ವವಿದ್ಯಾಲಯದವರು ಆಮೇಲೆ ಲೆಕ್ಕ ತೆಗೆದಾಗ ಅಂಥ ಹುಡುಕಾಟ ಕಡಿಮೆಯಾಗಿತ್ತು.

"ನಿಮ್ಮ ವಿವರ ಪೊಲೀಸರಿಗೆ ಹೋಗಿದೆ" ಅಂತ ಬರೆಯಬೇಡಿ, ಹೋಗಿಲ್ಲದಿದ್ದರೆ. ಪೊಲೀಸ್ ಲಾಂಛನ ಬೇಡವೇ ಬೇಡ. ಫೋನ್ ನಂಬರ್, ದುಡ್ಡು ಏನನ್ನೂ ಕೇಳಬೇಡಿ. ಪೊಲೀಸರ ಹೆಸರಲ್ಲಿ ಸ್ಕ್ರೀನ್ ಲಾಕ್ ಮಾಡಿ "ದಂಡ ಕಟ್ಟಿ" ಎನ್ನುವ ಕಳ್ಳರು ಇದ್ದಾರೆ, ನಿಮ್ಮ ಪುಟವೂ ಹಾಗೇ ಕಂಡರೆ ಕೆಲಸ ಕೆಟ್ಟಿತು.

ಇನ್ನು ಎಲ್ಲಿ ಹಾಕುವುದು? ವೈಫೈನಲ್ಲಿ ಡಿಎನ್‌ಎಸ್ (ಸೈಟ್ ಹೆಸರಿನಿಂದ ಅದರ ವಿಳಾಸ ಹುಡುಕಿಕೊಡುವ ವ್ಯವಸ್ಥೆ) ಮೂಲಕ ಬೇರೆಯವರ ಸೈಟನ್ನು ನಿಮ್ಮ ಪುಟಕ್ಕೆ ತಿರುಗಿಸಿದರೆ, ಎಚ್‌ಟಿಟಿಪಿಎಸ್ (ಸುರಕ್ಷಿತ ಸಂಪರ್ಕ) ಇರುವ ಕಡೆ ನಿಮ್ಮ ಸಂದೇಶ ಕಾಣುವುದೇ ಇಲ್ಲ, ಇದು ಆ ಸೈಟ್ ಅಲ್ಲ ಎಂದು ಬ್ರೌಸರ್ ಸರ್ಟಿಫಿಕೇಟ್ ಎರರ್ ತೋರಿಸುತ್ತದೆ. ಆದ್ದರಿಂದ ನಿಮ್ಮದೇ ಜಾಗದಲ್ಲಿ ಹಾಕಿ: ಸೈಟ್ ಆದರೆ ಸರ್ಚ್ ಫಲಿತಾಂಶ ಬರುವ ಕಡೆ, ವೈಫೈ ಆದರೆ ಲಾಗಿನ್ ಪುಟದಲ್ಲಿ, ಅಲ್ಲಿ ಎಲ್ಲರೂ ಓದುವುದರಿಂದ "ನೀವು ಹುಡುಕುತ್ತಿರುವುದು" ಎಂಬ ಮಾತನ್ನು ಬದಲಿಸಿ. ಯಾವ ಪದ ಹುಡುಕಿದರೆ ಸಂದೇಶ ಬರಬೇಕೋ ಆ ಪದಗಳ ಪಟ್ಟಿ ಯಾರಿಗೂ ಕಾಣಬಾರದು.

ಸಂದೇಶ ಬರುತ್ತದೆಯೇ ಎಂದು ನೋಡಲು ನಿಜವಾದ ಪದ ಟೈಪ್ ಮಾಡಬೇಡಿ. "ಹಲಸಿನಹಣ್ಣು123" ಥರದ ಒಂದು ಪದವನ್ನು ಪಟ್ಟಿಗೆ ಸೇರಿಸಿ ಅದನ್ನೇ ಹುಡುಕಿ.

ತಪ್ಪಿ ಇಂಥ ವಿಡಿಯೊ ಕಣ್ಣಿಗೆ ಬಿದ್ದವರಿಗೂ ಒಂದು ಸಾಲು ಇರಲಿ: ಸ್ಕ್ರೀನ್‌ಶಾಟ್ ತೆಗೆಯಬೇಡಿ, ಯಾರಿಗೂ ಕಳಿಸಬೇಡಿ, ಲಿಂಕನ್ನು ಮಾತ್ರ ಕೇಂದ್ರ ಸರ್ಕಾರದ ಸೈಬರ್ ಕ್ರೈಮ್ ಪೋರ್ಟಲ್‌ಗೆ ಕೊಡಿ. ಅಲ್ಲಿ ಹೆಸರು ಹೇಳದೆಯೂ ದೂರು ಕೊಡಬಹುದು.