ಕಾಡಾನೆಯ ಫೈಲು ಹೊತ್ತು ಡೆಹ್ರಾಡೂನಿಗೆ

ಐಎಫ್‌ಎಸ್ ಅಧಿಕಾರಿಗಳಿಗೆ ನೌಕರಿಯ ನಡುವೆ ಮೂರು ಸಲ ಮತ್ತೆ ಬೆಂಚಿನ ಮೇಲೆ ಕೂರುವ ಯೋಗವಿದೆ. ಐಎಫ್‌ಎಸ್ ಅಂದರೆ ಫಾರಿನ್ ಸರ್ವಿಸ್ ಅಲ್ಲ, ಫಾರೆಸ್ಟ್ ಸರ್ವಿಸ್. ಮದುವೆ ಮನೆಗಳಲ್ಲಿ ಇದನ್ನು ಹೇಳಿ ಹೇಳಿ ಸಾಕಾಗಿದೆ. 7ರಿಂದ 9 ವರ್ಷ ಸೇವೆ ಆದವರಿಗೆ ಮೂರನೇ ಹಂತದ ಮಿಡ್ ಕೆರಿಯರ್ ತರಬೇತಿ, 16ರಿಂದ 18 ವರ್ಷ ಆದವರಿಗೆ ನಾಲ್ಕನೇ ಹಂತ, 26ರಿಂದ 28 ವರ್ಷ ಆದವರಿಗೆ ಐದನೇ ಹಂತ. ಬಡ್ತಿಗೂ ಇದಕ್ಕೂ ನಂಟಿದೆ. ಹಾಗಾಗಿ ತಪ್ಪಿಸಿಕೊಳ್ಳುವ ಹಾಗಿಲ್ಲ.

ನಾನು ಹೇಳಹೊರಟಿರುವುದು ನಾಲ್ಕನೇ ಹಂತದ ಬಗ್ಗೆ. ಜೀಪು ಹತ್ತಿ ಕಾಡು ಸುತ್ತಿದ ಡಿಸಿಎಫ್ (ಉಪ ಅರಣ್ಯ ಸಂರಕ್ಷಣಾಧಿಕಾರಿ) ದಿನಗಳು ಮುಗಿದು, ಒಂದು ಕಡೆ ಕೂತು ಬೇರೆಯವರಿಂದ ಕೆಲಸ ಮಾಡಿಸಬೇಕಾದ ಹೊತ್ತಿಗೆ ಇದು ಬರುತ್ತದೆ. ನಾಯಕತ್ವದ ಪಾಠ ನಿಜವಾಗಿ ಬೇಕಾಗುವುದು ಆಗಲೇ.

ಆದೇಶ ಬಂದಾಗ ಹಿರಿಯರೊಬ್ಬರು, "ಹೋಗಿ ರೆಸ್ಟ್ ಮಾಡ್ಕೊಂಡು ಬನ್ನಿ" ಅಂದರು. ಬಹಳಷ್ಟು ಜನ ಹಾಗೇ ಅಂದುಕೊಂಡು ಹೋಗುತ್ತಾರೆ. ನನಗೂ ರೆಸ್ಟ್ ಬೇಕಿತ್ತು, ಸುಳ್ಳಲ್ಲ. ಆದರೆ ಹೊರಡುವ ಮೊದಲು ನಮ್ಮ ಕಚೇರಿಯ ಅತಿ ದಪ್ಪದ ಫೈಲನ್ನು ಝೆರಾಕ್ಸ್ ಮಾಡಿಸಿ ಸೂಟ್‌ಕೇಸಿಗೆ ಹಾಕಿಕೊಂಡೆ. ಕಾಡಾನೆ ಫೈಲು. ಪರಿಹಾರದ ಅರ್ಜಿ, ಶಾಸಕರ ಪತ್ರ, ರೈಲು ಕಂಬಿ ಬೇಲಿಯ ಅಂದಾಜು ಪಟ್ಟಿ, ರಸ್ತೆ ತಡೆ ನಡೆದ ದಿನದ ಪೊಲೀಸ್ ವರದಿ, ಪೇಪರ್ ಕಟಿಂಗ್, ಎಲ್ಲ ಅದರಲ್ಲಿತ್ತು.

ನಾನಿದ್ದುದು ಮಲೆನಾಡಿನ ಒಂದು ಅರಣ್ಯ ವೃತ್ತದಲ್ಲಿ. ಹೆಸರು ಬೇಡ. ಸಮಸ್ಯೆ ಎಂಥದ್ದು ಅನ್ನುವುದಕ್ಕೆ ಹಾಸನ ಜಿಲ್ಲೆಯ ಆಲೂರು, ಸಕಲೇಶಪುರವೇ ಸಾಕು. ಅಲ್ಲಿ ಆನೆ ಬಂದು ಹೋಗುವ ಪ್ರಾಣಿ ಅಲ್ಲ, ಕಾಫಿ ತೋಟದಲ್ಲೇ ಬಿಡಾರ ಹೂಡಿದೆ. ಬೀಟಮ್ಮ, ಭುವನೇಶ್ವರಿ ಅಂತ ಹಿಂಡುಗಳಿಗೆ ಹೆಸರೂ ಇದೆ. ಆನೆ ತಜ್ಞ ಪ್ರೊ. ರಾಮನ್ ಸುಕುಮಾರ್ ಅಧ್ಯಕ್ಷತೆಯ ಕರ್ನಾಟಕ ಆನೆ ಕಾರ್ಯಪಡೆ 2012ರಲ್ಲಿ ಹೈಕೋರ್ಟಿಗೆ ವರದಿ ಕೊಟ್ಟಿತು. ಈ ಭಾಗದ ಆನೆಗಳನ್ನು ಹಿಡಿದು ಸಾಗಿಸಬೇಕು ಅಂತ ಅದರಲ್ಲಿತ್ತು. ಆಮೇಲೆ ಹಿಡಿದದ್ದೂ ಆಯಿತು, ಸಾಗಿಸಿದ್ದೂ ಆಯಿತು. ಖಾಲಿಯಾದ ಜಾಗಕ್ಕೆ ಬೇರೆ ಆನೆಗಳು ಬಂದವು.

ಚಾರ್ಜ್ ಕೊಡುವ ವಿಷಯ ಸ್ವಲ್ಪ ಹೇಳಬೇಕು. ನಮ್ಮಲ್ಲಿ ತರಬೇತಿಗೆ ಹೋದವರ ಮೈ ಕ್ಲಾಸಿನಲ್ಲಿ, ಕಿವಿ ಫೋನಿನಲ್ಲಿ. ಜನವರಿಯಿಂದ ಮೇ ತನಕ ಬೆಂಕಿ ಕಾಲ, ಭತ್ತ ಹಾಲುಗಟ್ಟುವಾಗ ಆನೆ ಕಾಲ. ಬಿಡುವು ಅನ್ನುವುದೇ ಇಲ್ಲ. ಇನ್‌ಚಾರ್ಜ್ ಅಧಿಕಾರಿಗೆ ನಾನು ಬಾಯಲ್ಲಿ ಹೇಳದೆ ಒಂದು ಪುಟ ಬರೆದುಕೊಟ್ಟೆ. ಯಾವ ನಿರ್ಧಾರ ಅವರದ್ದೇ, ಯಾವುದಕ್ಕೆ ನನಗೆ ಫೋನ್ ಮಾಡಬೇಕು, ಅದೂ ಸಂಜೆ ಮಾತ್ರ. ಮೊದಮೊದಲು ಸಂಜೆಗೆ ಫೋನುಗಳ ಸಾಲು. ಆಮೇಲೆ ಕಡಿಮೆಯಾಯಿತು. ಕೆಲಸ ಹಂಚುವುದು ಹೇಗೆ ಅನ್ನುವ ಪಾಠ ಅಕಾಡೆಮಿಯಲ್ಲಿ ಶುರುವಾಗುವ ಮೊದಲೇ ಅರ್ಧ ಆಗಿಹೋಗಿತ್ತು ಅನ್ನಿ.

ಡೆಹ್ರಾಡೂನಿನ ನ್ಯೂ ಫಾರೆಸ್ಟ್ ಆವರಣ ನಮಗೆಲ್ಲ ತವರು. 1938ರಲ್ಲಿ ಇಂಡಿಯನ್ ಫಾರೆಸ್ಟ್ ಕಾಲೇಜ್ ಆಗಿ ಶುರುವಾದ ಸಂಸ್ಥೆ 1987ರಲ್ಲಿ ಇಂದಿರಾ ಗಾಂಧಿ ರಾಷ್ಟ್ರೀಯ ಅರಣ್ಯ ಅಕಾಡೆಮಿ ಆಯಿತು. ಪ್ರೊಬೇಷನರ್ ಆಗಿ ಬೆಳಗ್ಗೆ ಪಿಟಿಗೆ ಓಡಿದ ದಾರಿಯಲ್ಲೇ ಈಗ ಮಂಡಿ ನೋವಿನ ಮಾತಾಡುತ್ತಾ ನಡೆದೆವು.

ಮ್ಯಾನೇಜ್‌ಮೆಂಟ್ ಪದಗಳೆಂದರೆ ನನಗೆ ಅಷ್ಟಕ್ಕಷ್ಟೆ. ನಾಲ್ಕು ಚೌಕ ಬರೆದು ಅದರಲ್ಲಿ ಇಡೀ ಇಲಾಖೆಯನ್ನು ತುಂಬಿಸುವ ಕಸರತ್ತು ಎಷ್ಟೋ ಕಡೆ ನೋಡಿದ್ದೇನೆ. ಒಂದು ವಿಚಾರ ಮಾತ್ರ ತಲೆಯಲ್ಲಿ ಉಳಿಯಿತು. ಹಾರ್ವರ್ಡ್‌ನ ರೊನಾಲ್ಡ್ ಹೈಫೆಟ್ಸ್ ಸಮಸ್ಯೆಗಳನ್ನು ಎರಡಾಗಿ ವಿಂಗಡಿಸುತ್ತಾರೆ. ಒಂದು, ಗೊತ್ತಿರುವವರು ಬಂದು ಸರಿಮಾಡಿ ಹೋಗಬಹುದಾದ ಸಮಸ್ಯೆ. ಇನ್ನೊಂದು, ಅದರೊಳಗೆ ಇರುವವರೇ ತಮ್ಮ ನಡವಳಿಕೆ ಬದಲಿಸಿಕೊಳ್ಳದೆ ಬಗೆಹರಿಯದ ಸಮಸ್ಯೆ. ಎರಡನೆಯದಕ್ಕೆ ಮೊದಲನೆಯದರ ಮದ್ದು ಕೊಡುವುದೇ ಅಧಿಕಾರಿಗಳ ದೊಡ್ಡ ಎಡವಟ್ಟು ಅನ್ನುವುದು ಅವರ ವಾದ. ನಾನು ರೂಮಿಗೆ ಬಂದು ನನ್ನ ಫೈಲನ್ನು ಹಾಗೆ ವಿಂಗಡಿಸಿ ನೋಡಿದೆ. ಬೇಲಿ, ಕಂದಕ, ಸೋಲಾರ್ ತಂತಿ, ಸೆರೆಹಿಡಿಯುವುದು. ಹೆಚ್ಚುಕಮ್ಮಿ ಎಲ್ಲವೂ ಮೊದಲನೇ ಗುಂಪಿಗೆ ಬಿತ್ತು.

ಒಂದು ಮಧ್ಯಾಹ್ನ ನನ್ನ ಫೈಲನ್ನೇ ಕೇಸ್ ಮಾಡಿಕೊಂಡು ಪಾತ್ರ ಹಂಚಿದರು. ಜಾರ್ಖಂಡ್ ಕೇಡರಿನ ಗೆಳೆಯ ನನ್ನ ಕುರ್ಚಿಯಲ್ಲಿ ಕೂತ. ನಾನು ಕಾಫಿ ಬೆಳೆಗಾರ. ಒಡಿಶಾದವರು ಶಾಸಕರು. ಪಶ್ಚಿಮ ಬಂಗಾಳದ ಸಹೋದ್ಯೋಗಿಯೊಬ್ಬರು, ಆನೆ ತುಳಿತಕ್ಕೆ ಸತ್ತ ಕೂಲಿಯವನ ಹೆಂಡತಿ. ಹತ್ತು ನಿಮಿಷ ಆಗಿರಲಿಲ್ಲ, ಜಾರ್ಖಂಡ್ ಗೆಳೆಯ "ಸರ್ಕಾರಕ್ಕೆ ಪ್ರಸ್ತಾವನೆ ಕಳಿಸಿದ್ದೇವೆ" ಅಂದ. ನಾವೆಲ್ಲ ದಿನಾ ಹೇಳುವ ಮಾತೇ. ಕೇಳುವ ಕಡೆ ಕೂತಾಗ ಮಾತ್ರ ಮೈ ಉರಿಯುತ್ತದೆ ನೋಡಿ. ಆ ಬಂಗಾಳದ ಮೇಡಂ ಪರಿಹಾರದ ಹಣ ಕೇಳಲಿಲ್ಲ. "ಆನೆ ಅಲ್ಲಿದೆ ಅಂತ ನನ್ನ ಗಂಡನಿಗೆ ಯಾರು ಹೇಳಬೇಕಿತ್ತು?" ಅಂತ ಕೇಳಿದರು. ಕೋಣೆಯಲ್ಲಿ ಯಾರ ಹತ್ತಿರವೂ ಉತ್ತರ ಇರಲಿಲ್ಲ. ಅಷ್ಟು ದಪ್ಪದ ಫೈಲಿನಲ್ಲೂ ಇರಲಿಲ್ಲ.

ಅಲ್ಲಿಂದ ನನ್ನ ಕೆಲಸ ಬೇರೆ ದಾರಿ ಹಿಡಿಯಿತು. ಜನ ಸಾಯುವುದು ಜಾಸ್ತಿ ಬೆಳಗಿನ ಜಾವ, ಇಲ್ಲವೇ ಕತ್ತಲಾಗುವಾಗ. ಕಾಲ್ನಡಿಗೆಯಲ್ಲಿ ಹೋಗುವವರು. ಹಿಂಡು ಎಲ್ಲಿದೆ ಅಂತ ಕಾಡು ಕಾಯುವ ನಮ್ಮ ವಾಚರ್‌ಗೆ ನಸುಕಿನಲ್ಲೇ ಗೊತ್ತು. ಕೂಲಿಯವರು ತೋಟಕ್ಕೆ ಹೊರಡುವುದು ಆಮೇಲೆ. ಈ ಎರಡರ ನಡುವೆ ಸುದ್ದಿ ಎಲ್ಲಿ ನಿಲ್ಲುತ್ತದೆ? ಉಳಿದ ದಿನಗಳಲ್ಲಿ ನಾನು ಬೇರೆ ರಾಜ್ಯದವರನ್ನು ಊಟದ ಹೊತ್ತಿನಲ್ಲಿ ಹಿಡಿದು ಕೇಳಿದ್ದು ಇದೊಂದೇ. ತಮಿಳುನಾಡಿನ ವಾಲ್ಪಾರೈಯಲ್ಲಿ ನೇಚರ್ ಕನ್ಸರ್ವೇಷನ್ ಫೌಂಡೇಷನ್ ಎಸ್‌ಎಂಎಸ್ ಮತ್ತು ಕೆಂಪು ದೀಪಗಳ ಮೂಲಕ ಎಚ್ಚರಿಕೆ ಕೊಡುವ ವ್ಯವಸ್ಥೆ ಮಾಡಿದೆ. ಅದೇ ಮಾದರಿ ಹಾಸನಕ್ಕೂ ಬಂದಿದೆ. ಅದು ನನಗೆ ಗೊತ್ತಿತ್ತು. ಗೊತ್ತಿಲ್ಲದ್ದನ್ನು ಹೇಳಿದವರು ಛತ್ತೀಸ್‌ಗಢದವರು. ಅಲ್ಲಿ ಆಕಾಶವಾಣಿಯಲ್ಲಿ 'ಹಮರ್ ಹಾಥಿ ಹಮರ್ ಗೋಠ್' (ನಮ್ಮ ಆನೆ, ನಮ್ಮ ಮಾತು) ಅಂತ ಸಂಜೆ ಕಾರ್ಯಕ್ರಮ. ಯಾವ ಊರಿನ ಹತ್ತಿರ ಆನೆ ಇದೆ ಅಂತ ರೇಡಿಯೊದಲ್ಲೇ ಹೇಳುತ್ತಾರೆ. ಓದಲು ಬಾರದವರಿಗೂ ತಲುಪುತ್ತದೆ, ಅಲ್ವಾ?

ಆಗ ಹೊಳೆಯಿತು. ನಮ್ಮ ತೋಟಗಳ ಲೈನ್‌ಮನೆಗಳಲ್ಲಿ, ಅಂದರೆ ಕೂಲಿಯವರ ಸಾಲುಮನೆಗಳಲ್ಲಿ, ಈಗ ಇರುವವರಲ್ಲಿ ಅಸ್ಸಾಂ, ಜಾರ್ಖಂಡ್ ಕಡೆಯವರು ಎಷ್ಟು ಜನ! ಕನ್ನಡದ ಎಸ್‌ಎಂಎಸ್ ಅವರಿಗೆ ಏನು ಮಾಡೀತು?

ವಾಪಸ್ ಬಂದು ಮಾಡಿದ್ದು ದೊಡ್ಡದೇನಲ್ಲ. ಹಿಂದಿ, ಅಸ್ಸಾಮಿಯಲ್ಲಿ ಸಣ್ಣ ವಾಯ್ಸ್ ಮೆಸೇಜ್ ಮಾಡಿಸಿದೆವು: ಆನೆ ತೋಟದಲ್ಲಿದೆ, ಮೇಸ್ತ್ರಿ ಹೇಳುವ ತನಕ ಲೈನ್ ಬಿಟ್ಟು ಹೊರಡಬೇಡಿ. ಹಿಂದಿಯದ್ದು ಜಾರ್ಖಂಡ್ ಗೆಳೆಯನದೇ ದನಿ. ವಾಚರ್ ನೇರವಾಗಿ ಮೇಸ್ತ್ರಿಗೆ ಕಳಿಸಬೇಕು, ರೇಂಜ್ ಆಫೀಸಿಗೆ ಆಮೇಲೆ ತಿಳಿಸಿದರೆ ಸಾಕು ಅಂತ ಮಾಡಿದೆವು. ರೇಂಜ್ ನೋಡಿಕೊಳ್ಳುವ ಆರ್‌ಎಫ್‌ಒಗಳಿಗೆ ಇದು ರುಚಿಸಲಿಲ್ಲ. ತಮ್ಮನ್ನು ದಾಟಿ ಸುದ್ದಿ ಹೋಗುತ್ತದೆ ಅಂತ ಬೇಸರ. ಅವರನ್ನು ಒಪ್ಪಿಸುವುದಕ್ಕೇ ಜಾಸ್ತಿ ಸಮಯ ಹಿಡಿಯಿತು. ತಪ್ಪು ಮಾಹಿತಿ ಹೋದರೆ ಹೊಣೆ ವಾಚರ್ ಮೇಲೆ ಬರುವುದಿಲ್ಲ, ನನ್ನ ಮೇಲೆ ಅಂತ ಬರಹದಲ್ಲಿ ಕೊಟ್ಟ ಮೇಲೆ ತಣ್ಣಗಾದರು.

ಇನ್ನೊಂದು, ಸಭೆಯ ಕ್ರಮ ತಿರುಗಿಸಿದೆ. ಮಾಮೂಲಿ ಸಭೆಯಲ್ಲಿ ಮೊದಲು ಸಾಹೇಬರು, ಆಮೇಲೆ ಡಿಸಿಎಫ್, ಎಸಿಎಫ್, ಆರ್‌ಎಫ್‌ಒ. ಗಾರ್ಡ್, ವಾಚರ್ ಗೋಡೆಗೆ ಒರಗಿ ನಿಂತಿರುತ್ತಾರೆ. ನಮ್ಮ ಆನೆ ಸಭೆಯಲ್ಲಿ ವಾಚರ್ ಕುರ್ಚಿ ಮುಂದೆ, ಮಾತು ಮೊದಲು ಅವರದ್ದು, ನನ್ನದು ಕೊನೆಗೆ. ಶುರುವಿನಲ್ಲಿ ಎಲ್ಲರದ್ದೂ ಒಂದೇ ರಾಗ: "ಎಲ್ಲಾ ಸರಿ ಇದೆ ಸಾರ್." ಬಾಯಿ ಕಚ್ಚಿಕೊಂಡು ಕೂತೆ. ಕೊನೆಗೆ ವಯಸ್ಸಾದ ವಾಚರೊಬ್ಬರು ಎದ್ದು, "ಟಾರ್ಚಿಗೆ ಸೆಲ್ಲು ನಾವೇ ಹಾಕ್ತಾ ಇದೀವಿ ಸಾರ್" ಅಂದರು. ಅಷ್ಟೇ, ಮಾತಿನ ಕಟ್ಟೆ ಒಡೆಯಿತು. ರಾತ್ರಿ ಗಸ್ತಿನ ಶೂ, ಫೋನಿನ ಕರೆನ್ಸಿ, ಸಿಗ್ನಲ್ ಸಿಗದ ಬೀಟುಗಳು, ಒಂದೊಂದೇ ಹೊರಬಂದವು. ಇವುಗಳಲ್ಲಿ ಬಹಳಷ್ಟು ನನ್ನ ಮಟ್ಟದಲ್ಲೇ ಬಗೆಹರಿಯುವಂಥವು.

ಆನೆ ಸಮಸ್ಯೆ ಮುಗಿಯಿತಾ ಅಂದರೆ ಇಲ್ಲ. ಬೆಳೆ ಹಾನಿ ಹಾಗೇ ಇದೆ. ಬೆಳೆಗಾರರ ಸಿಟ್ಟೂ ಹಾಗೇ ಇದೆ, ಅದು ನ್ಯಾಯವೇ.

ಕಿರಿಯರು ಈಗ ವಿದೇಶದ ಫೆಲೋಶಿಪ್ ಬಗ್ಗೆ ಜಾಸ್ತಿ ಕೇಳುತ್ತಾರೆ. 1978ರಲ್ಲಿ ಶುರುವಾದ ಅಮೆರಿಕದ ಹಂಫ್ರಿ ಫೆಲೋಶಿಪ್ ಡಿಗ್ರಿ ಕೊಡುವಂಥದ್ದಲ್ಲ, ಕೆಲಸದಲ್ಲಿ ಪಳಗಿದವರಿಗಾಗಿ ಇರುವಂಥದ್ದು. ಅರ್ಜಿ ತಿದ್ದಿಕೊಡಿ ಅಂತ ತಂದರೆ ಅದರ ತುಂಬ ನೆಡುತೋಪಿನ ಹೆಕ್ಟೇರ್ ಲೆಕ್ಕ, ಸಿಕ್ಕ ಪ್ರಶಂಸಾ ಪತ್ರ. ಅದನ್ನೆಲ್ಲ ಹೊಡೆದುಹಾಕಿ, ನಿಮ್ಮ ಟೇಬಲ್ ಮೇಲೆ ವರ್ಷಗಟ್ಟಲೆ ಕದಲದೆ ಕೂತಿರುವ ಒಂದು ಫೈಲಿನ ಬಗ್ಗೆ ಬರೆಯಿರಿ ಅನ್ನುತ್ತೇನೆ. ಕೆಲವರು ಮುಖ ಸಿಂಡರಿಸಿಕೊಂಡು ಹೋಗುತ್ತಾರೆ. ಮೊನ್ನೆ ಒಬ್ಬರು ಮಾತ್ರ ಅರಣ್ಯ ಹಕ್ಕು ಅರ್ಜಿಗಳ ಫೈಲು ಹಿಡಿದುಕೊಂಡು ಮತ್ತೆ ಬಂದಿದ್ದರು. ಮುಂದಿನ ಭಾನುವಾರ ಇಬ್ಬರೂ ಕೂತು ಅದನ್ನು ನೋಡುವುದಿದೆ.