ಕಯಾಕ್ ರೇಸ್‌ಗೆ ಹೊರಟವರು ಎಡವುವುದು ಎಲ್ಲಿ?

ನಮ್ಮ ಗಂಗಾವತಿಯ ಸೈಕಲ್ ಗುಂಪಿನ ಹುಡುಗರು ಒಂದು ಪ್ರಶ್ನೆಯನ್ನು ಪದೇ ಪದೇ ಕೇಳುತ್ತಾರೆ. ‘ಓಡ್ತೀವಿ, ಸೈಕಲ್ ತುಳಿತೀವಿ. ಇನ್ನು ಕಯಾಕ್ ಒಂದು ಕಲಿತರೆ ಮಲ್ಟಿಸ್ಪೋರ್ಟ್ ರೇಸ್‌ಗೆ ಇಳಿಬಹುದಲ್ವಾ?’ ಇಳಿಯಬಹುದು. ಆದರೆ ಆ ‘ಕಯಾಕ್ ಒಂದು’ ಎನ್ನುವ ಮಾತಿನಲ್ಲೇ ಮೊದಲ ತಪ್ಪು ಕೂತಿದೆ.

ಓಟ, ಸೈಕಲ್, ನದಿಯಲ್ಲಿ ಕಯಾಕ್ (ಕಾಲು ಚಾಚಿ ಕೂತು ಹುಟ್ಟು ಹಾಕುವ ಸಪೂರ ದೋಣಿ) ಮೂರನ್ನೂ ಒಟ್ಟಿಗೆ ಕಟ್ಟಿದ ರೇಸ್ ಈ ಮಲ್ಟಿಸ್ಪೋರ್ಟ್. ಇದರಲ್ಲಿ ಹೆಸರುವಾಸಿಯಾದದ್ದು ನ್ಯೂಜಿಲೆಂಡ್‌ನ ‘ಕೋಸ್ಟ್ ಟು ಕೋಸ್ಟ್’. ರಾಬಿನ್ ಜುಡ್ಕಿನ್ಸ್ 1983ರಲ್ಲಿ ಶುರು ಮಾಡಿದ್ದು. ಒಂದು ಕಡಲ ತೀರದಿಂದ ಇನ್ನೊಂದು ತೀರಕ್ಕೆ 243 ಕಿಲೋಮೀಟರ್. ಅದರಲ್ಲಿ ಸುಮಾರು 70 ಕಿಲೋಮೀಟರ್ ವೈಮಕಾರಿರಿ ನದಿಯಲ್ಲಿ ಕಯಾಕ್. ಕಯಾಕ್ ಹತ್ತುವ ಮೊದಲೇ ಎರಡು ಸಲ ಸೈಕಲ್ ತುಳಿದು, ಬೆಟ್ಟದ ದಾರಿಯಲ್ಲಿ 30 ಕಿಲೋಮೀಟರ್ ಓಡಿರಬೇಕು. ಅಂದರೆ ನೀರಿಗೆ ಇಳಿಯುವಾಗ ನಿಮ್ಮ ಮೈ ಆಗಲೇ ಅರ್ಧ ಸೋತಿರುತ್ತದೆ. ಈ ಒಂದು ವಿಷಯ ಮರೆತು ತಯಾರಿ ಮಾಡುವುದರಿಂದಲೇ ಉಳಿದ ತಪ್ಪುಗಳೆಲ್ಲ ಹುಟ್ಟುತ್ತವೆ.

ದೋಣಿ: ವೇಗ ನೋಡಿ ಮರುಳಾಗಬೇಡಿ

ರೇಸ್ ಕಯಾಕ್ 5–6 ಮೀಟರ್ ಉದ್ದ, ಅಗಲ ಅರ್ಧ ಮೀಟರ್ ಆಸುಪಾಸು. ಸಪೂರ ಇದ್ದಷ್ಟೂ ವೇಗ ಜಾಸ್ತಿ, ಅಲುಗಾಟವೂ ಜಾಸ್ತಿ. ಹೊಸಬರು ಗೆದ್ದವರ ದೋಣಿ ನೋಡಿ ಅಂಥದ್ದನ್ನೇ ತರುತ್ತಾರೆ. ಆಮೇಲೆ ಹುಟ್ಟು ಹಾಕುವುದಕ್ಕಿಂತ ಬೀಳದೆ ಕೂರುವುದಕ್ಕೇ ಅರ್ಧ ಶಕ್ತಿ ಖರ್ಚು. ಬೆಳಿಗ್ಗೆ ಚುರುಕಾಗಿದ್ದಾಗ ನೆಟ್ಟಗೆ ಕೂತಿರುತ್ತೀರಿ, ನಿಜ. ಮೂರು ಗಂಟೆ ಓಡಿ ಬಂದ ಮೇಲೆ ಕೂತು ನೋಡಿ. ಮೊದಲ ವರ್ಷ ಅಗಲದ, ಸ್ವಲ್ಪ ನಿಧಾನದ ದೋಣಿಯೇ ಸಾಕು. ಸಾಧ್ಯವಾದರೆ ಬಾಡಿಗೆಗೆ ತಂದು ಒಂದು ತಿಂಗಳು ನೋಡಿ. ಬಾಡಿಗೆ ದೋಣಿಯ ಮೇಲೆ ಗೀರು ಬಿದ್ದರೆ ಹೊಟ್ಟೆ ಉರಿಯುವುದೂ ಕಮ್ಮಿ.

ಇನ್ನೊಂದು ಭ್ರಮೆ ನಮ್ಮ ಕಡೆಯವರದ್ದು. ‘ಚಿಕ್ಕಂದಿನಿಂದ ಹರಿಗೋಲಲ್ಲಿ ಓಡಾಡಿದವರು ನಾವು, ಕಯಾಕ್ ಏನು ಮಹಾ?’ ಹರಿಗೋಲು ಗುಂಡಗೆ, ತಳ ಚಪ್ಪಟೆ. ಬಂಡೆಗೆ ತಾಗಿದರೆ ಬುಗುರಿಯಂತೆ ತಿರುಗಿ ಮುಂದೆ ಸಾಗುತ್ತದೆ. ಕಯಾಕ್ ಉದ್ದ. ಬಂಡೆಗೆ ಅಡ್ಡ ಸಿಕ್ಕರೆ ನೀರು ಅದನ್ನು ಕಲ್ಲಿಗೆ ಒತ್ತಿ ಹಿಡಿದುಬಿಡುತ್ತದೆ. ಆನೆಗೊಂದಿ ಸುತ್ತ ತುಂಗಭದ್ರೆಯಲ್ಲಿ ಬಂಡೆ ಎಷ್ಟಿವೆ ಅಂತ ನಿಮಗೇ ಗೊತ್ತು.

ಕೆರೆಯಲ್ಲಿ ಕಲಿತದ್ದು ಹೊಳೆಗೆ ಸಾಲದು

ಸಣಾಪುರ ಕೆರೆಯಂಥ ನಿಂತ ನೀರಿನಲ್ಲಿ ಶುರು ಮಾಡುವುದು ಸರಿ. ಹುಟ್ಟು ಹಾಕುವ ವರಸೆ ಅಲ್ಲೇ ಕಲಿಯಬೇಕು. ಹೊಸಬರು ತೋಳಿನಿಂದ ಎಳೆಯುತ್ತಾರೆ, ಅರ್ಧ ಗಂಟೆಗೆ ಭುಜ ಸೋಲುತ್ತದೆ. ಸೊಂಟದಿಂದ ಮೇಲಿನ ಮೈ ಪೂರ್ತಿ ತಿರುಗಬೇಕು. ಹುಟ್ಟು ಪಾದದ ಹತ್ತಿರ ನೀರಿಗೆ ಇಳಿಯಬೇಕು, ಸೊಂಟದ ಹತ್ತಿರ ಹೊರಬರಬೇಕು. ಬಲಗಡೆ ಎಳೆಯುವಾಗ ಬಲಗಾಲು ಒಳಗಿನ ಆನಿಕೆಯನ್ನು ಒತ್ತಬೇಕು. ಮಾರನೆಯ ದಿನ ತೋಳಿಗಿಂತ ಪಕ್ಕೆ, ಬೆನ್ನು ನೋಯುತ್ತಿದ್ದರೆ ಸರಿದಾರಿಯಲ್ಲಿದ್ದೀರಿ ಅಂತ ಲೆಕ್ಕ.

ಆದರೆ ಆರು ತಿಂಗಳು ಕೆರೆಯಲ್ಲೇ ಸುತ್ತಿ ನೇರ ರೇಸ್‌ಗೆ ಹೋಗುವವರು ಇದ್ದಾರೆ. ಹರಿಯುವ ನೀರು ಬೇರೆಯೇ ಲೋಕ. ಹೊಳೆಗಳ ಕಷ್ಟವನ್ನು 1ರಿಂದ 6ರವರೆಗೆ ಗ್ರೇಡ್ ಹಾಕುತ್ತಾರೆ. ಗ್ರೇಡ್ 2ರ ನೀರನ್ನು ಸಂಭಾಳಿಸಬಲ್ಲೆ ಎನ್ನುವ ಪ್ರಮಾಣಪತ್ರ ಇಲ್ಲದಿದ್ದರೆ ಕೋಸ್ಟ್ ಟು ಕೋಸ್ಟ್‌ನಲ್ಲಿ ಕಯಾಕ್‌ಗೇ ಬಿಡುವುದಿಲ್ಲ. ಅದು ಸುಮ್ನೆ ಕಾಗದವಲ್ಲ.

ಹೊಳೆ ಓದುವುದನ್ನು ದಡದಲ್ಲಿ ಕೂತೇ ಶುರು ಮಾಡಿ. ದೋಣಿ ಬೇಡ, ಒಂದು ತಾಸು ಟೈಮ್ ಸಾಕು. ಎರಡು ಬಂಡೆ ನಡುವೆ ನೀರು ನುಣ್ಣಗೆ ನಾಲಗೆ ಚಾಚಿದಂತೆ ಇಳಿಯುತ್ತಿದ್ದು, ಆ ನಾಲಗೆಯ ಚೂಪು ಕೆಳಹರಿವಿನ ಕಡೆ ಇದ್ದರೆ ಅದು ದಾರಿ. ಚೂಪು ಮೇಲಕ್ಕೆ, ನಿಮ್ಮ ಕಡೆಗೇ ಇದ್ದರೆ ಅಲ್ಲಿ ನೀರಿನಡಿ ಕಲ್ಲಿದೆ. ದೊಡ್ಡ ಬಂಡೆಯ ಬೆನ್ನ ಹಿಂದೆ ನೀರು ಸುತ್ತಿ ಮೇಲ್ಮುಖವಾಗಿ ತಿರುಗುತ್ತಿರುತ್ತದೆ. ಇದಕ್ಕೆ ಕಯಾಕ್‌ನವರು ಎಡ್ಡಿ ಎನ್ನುತ್ತಾರೆ. ದಣಿದಾಗ ನಿಲ್ಲುವ ತಂಗುದಾಣ ಅದು. ಆದರೆ ಅದರ ಗೆರೆ ದಾಟುವಾಗಲೇ ಹೊಸಬರು ಮಗುಚುವುದು. ಕಯಾಕ್‌ನ ಮೂತಿ ಒಂದು ಸೆಳವಿನಲ್ಲಿ, ಹಿಂಭಾಗ ಇನ್ನೊಂದರಲ್ಲಿ ಸಿಕ್ಕಿ ದೋಣಿ ಗಿರ್ರನೆ ತಿರುಗುತ್ತದೆ. ಸೈಕಲ್‌ನಲ್ಲಿ ತಿರುವು ಬಂದಾಗ ಒಳಕ್ಕೆ ವಾಲುತ್ತೀರಲ್ಲ, ಇಲ್ಲೂ ಹಾಗೇ ತಿರುಗುವ ದಿಕ್ಕಿಗೇ ವಾಲಿ.

ಬಂಡೆಗೆ ಅಡ್ಡ ಬಡಿದಾಗ ಎಲ್ಲರೂ ಮಾಡುವುದು ಒಂದೇ ತಪ್ಪು: ಹೆದರಿ ಬಂಡೆಯಿಂದ ದೂರ ವಾಲುವುದು. ಆಗ ಮೇಲಿನಿಂದ ಬರುವ ನೀರು ದೋಣಿಯ ಅಂಚಿಗೆ ಹತ್ತಿ ಕ್ಷಣದಲ್ಲಿ ಮಗುಚುತ್ತದೆ. ಬಂಡೆಯ ಕಡೆಗೇ ವಾಲಿ, ಬೇಕಾದರೆ ಎರಡೂ ಕೈಯಿಂದ ಅಪ್ಪಿಕೊಳ್ಳಿ. ನಾನು ಇದನ್ನು ಕೇಳಿ ತಿಳಿದಿದ್ದೆ. ಆದರೂ ಮೊದಲ ಸಲ ಬಡಿದಾಗ ದೂರ ವಾಲಿಯೇ ವಾಲಿದೆ. ಕನ್ನಡಕ ಈಗಲೂ ತುಂಗಭದ್ರೆಯ ಮಡುವಿನಲ್ಲಿದೆ.

ನಮ್ಮ ಭಾಗದಲ್ಲಿ ಇನ್ನೊಂದು ಅಪಾಯವಿದೆ, ನೋಡಲು ಬಹಳ ಸಾಧು. ವಿಜಯನಗರ ಕಾಲದಲ್ಲಿ ಹೊಳೆಗೆ ಅಡ್ಡ ಕಟ್ಟಿದ ಅಣೆಗಳು. ಮೇಲಿನಿಂದ ಬರುವವನಿಗೆ ನೀರು ಸಮತಟ್ಟಾಗಿ ಕಾಣುತ್ತದೆ, ಆಚೆ ಇಳಿತ ಇರುವುದು ಗೊತ್ತೇ ಆಗುವುದಿಲ್ಲ. ಅಣೆ ದಾಟಿ ಬಿದ್ದ ನೀರು ಬುಡದಲ್ಲಿ ಹಿಂದಕ್ಕೆ ಮಗುಚುತ್ತಿರುತ್ತದೆ. ಅಲ್ಲಿ ಸಿಕ್ಕಿದವನನ್ನು ಅದು ಹೊರಗೆ ಬಿಡದೆ ಉರುಳಿಸುತ್ತಲೇ ಇರುತ್ತದೆ. ಅಣೆ ಬಂತೆಂದರೆ ದಡಕ್ಕೆ ಹೋಗಿ, ದೋಣಿ ಹೆಗಲಿಗೆ ಹಾಕಿ ನಡೆಯಿರಿ. ಅದರಲ್ಲಿ ಅವಮಾನ ಏನೂ ಇಲ್ಲ.

ಹೊರಹರಿವು ನೋಡದೆ ಇಳಿಯಬೇಡಿ

ಡ್ಯಾಂ ಕೆಳಗಿನ ಹೊಳೆ ಇದು. ನಿನ್ನೆ ಮೊಣಕಾಲುದ್ದ ಇದ್ದದ್ದು ಇಂದು ಆಳುದ್ದ. ಪತ್ರಿಕೆಯಲ್ಲಿ ಬರುವ ಒಳಹರಿವು, ಹೊರಹರಿವಿನ ಅಂಕಿಯನ್ನು ರೈತರು ಮಾತ್ರ ನೋಡಬೇಕು ಅಂತೇನಿಲ್ಲ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಸುಮಾರು 28 ಲೀಟರ್. ಹತ್ತು ಸಾವಿರ ಕ್ಯೂಸೆಕ್ ಬಿಟ್ಟರೆ ಸೆಕೆಂಡಿಗೆ 2.8 ಲಕ್ಷ ಲೀಟರ್. ಕಂಪ್ಲಿ ಸೇತುವೆ ಮುಳುಗುವಷ್ಟು ನೀರು ಬಿಟ್ಟ ದಿನ ಹೊಳೆ ಕಡೆ ತಲೆ ಹಾಕುವುದೇ ಬೇಡ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಗೇಟ್‌ಗಳಲ್ಲಿ 19ನೆಯದು ಕೊಚ್ಚಿಹೋಯಿತಲ್ಲ, ಅದಕ್ಕೆ ಯಾವ ಮುನ್ಸೂಚನೆಯೂ ಇರಲಿಲ್ಲ. ಮಳೆಗಾಲದಲ್ಲಿ ಅಭ್ಯಾಸ ಕೆರೆಗೆ ಸೀಮಿತ ಇರಲಿ. ಹೊಳೆಗೆ ಚಳಿಗಾಲ ಒಳ್ಳೆಯದು.

ಎಲ್ಲಿ ಬೇಕಾದರಲ್ಲಿ ಇಳಿಯುವ ಹಾಗೂ ಇಲ್ಲ. ಮುದ್ಲಾಪುರದಿಂದ ಕಂಪ್ಲಿವರೆಗಿನ 34 ಕಿಲೋಮೀಟರ್ ಹೊಳೆ 2015ರಿಂದ ನೀರುನಾಯಿ ಸಂರಕ್ಷಿತ ಪ್ರದೇಶ. ಮೊದಲು ಅನುಮತಿ ಕೇಳಿ. ಮೊಸಳೆಗಳೂ ಇವೆ. ಕೃಷ್ಣೆಯಲ್ಲಿ ಅಭ್ಯಾಸ ಮಾಡುವ ರಾಯಚೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಯಾವ ಮಡುವಿನಲ್ಲಿ ಏನಿದೆ, ಮೀನಿನ ಬಲೆ ಎಲ್ಲಿ ಕಟ್ಟಿದ್ದಾರೆ ಅನ್ನುವುದು ಅಲ್ಲಿನ ಅಂಬಿಗರಿಗೆ ಗೊತ್ತಿರುತ್ತದೆ. ಒಂದು ಚಹಾ ಕುಡಿಸಿ ಕೇಳಿ.

ಬೀಳುವುದನ್ನೂ ಕಲಿಯಬೇಕು

ಲೈಫ್ ಜಾಕೆಟ್, ಹೆಲ್ಮೆಟ್, ಸೀಟಿ. ಇವುಗಳ ಬಗ್ಗೆ ಚರ್ಚೆಯೇ ಇಲ್ಲ. ಕಯಾಕ್‌ಗೆ ನೀರು ಬಾರದಂತೆ ಸೊಂಟಕ್ಕೆ ಬಿಗಿಯುವ ಸ್ಪ್ರೇ ಸ್ಕರ್ಟ್ ಇರುತ್ತದೆ. ಅದರ ಮುಂದಿನ ಕುಣಿಕೆ ಹೊರಗಡೆಯೇ ಇರಬೇಕು. ಅವಸರದಲ್ಲಿ ಒಳಗೆ ಸೇರಿಸಿಕೊಂಡು ಕೂತರೆ, ತಲೆಕೆಳಗಾದಾಗ ಹುಡುಕಲು ಏನೂ ಸಿಗುವುದಿಲ್ಲ. ಸೊಂಟಮಟ್ಟ ನೀರಿನಲ್ಲಿ, ಪಕ್ಕದಲ್ಲಿ ಒಬ್ಬರನ್ನು ನಿಲ್ಲಿಸಿಕೊಂಡು, ಬೇಕೆಂದೇ ಮಗುಚಿ ಕುಣಿಕೆ ಎಳೆದು ಹೊರಬರುವುದನ್ನು ಇಪ್ಪತ್ತು ಸಲ ಮಾಡಿ. ಮೂಗಿಗೆ ನೀರು ಹೋಗುತ್ತದೆ, ಹೋಗಲಿ.

ಸೆಳವಿನಲ್ಲಿ ಬಿದ್ದರೆ ಎದ್ದು ನಿಲ್ಲಲು ಹೋಗಬೇಡಿ. ಕಾಲು ಕಲ್ಲಿನ ಸಂದಿಗೆ ಸಿಕ್ಕಿದರೆ ನೀರು ಮುಂದಕ್ಕೆ ತಳ್ಳಿ ಮುಳುಗಿಸುತ್ತದೆ, ಸೊಂಟಮಟ್ಟದ ನೀರೇ ಆದರೂ. ಅಂಗಾತ ಮಲಗಿ, ಪಾದ ಮೇಲಕ್ಕೆ, ಕೆಳಹರಿವಿನ ಕಡೆಗೆ. ಹಾಗೇ ಕೈ ಬೀಸುತ್ತಾ ದಡ ಸೇರಿ. ಮತ್ತೆ, ಒಬ್ಬರೇ ಹೋಗಬೇಡಿ. ಇದನ್ನು ಬರೆಯುವಾಗ ನನ್ನ ಹೆಂಡತಿ ಹೆಗಲ ಮೇಲಿಂದ ಓದಿ ನಗುತ್ತಿದ್ದಾಳೆ. ಕಾರಣ ಬೇಡ ಬಿಡಿ.

ದಣಿದ ಮೇಲೆ ಹತ್ತಿ

ಈಗ ಮೊದಲು ಹೇಳಿದ ಮಾತಿಗೆ ಬರೋಣ. ವಾರಕ್ಕೊಮ್ಮೆಯಾದರೂ ಮೂರನ್ನೂ ಜೋಡಿಸಿ. ನಾವು ಮಾಡುವುದು ಹೀಗೆ: ಗಂಗಾವತಿಯಿಂದ ಬೆಳಿಗ್ಗೆ ಐದಕ್ಕೆ ಸೈಕಲ್, ಅಂಜನಾದ್ರಿಯ 575 ಮೆಟ್ಟಿಲು ಹತ್ತಿ ಇಳಿಯುವುದು, ಅಲ್ಲಿಂದ ಮತ್ತೆ ಸೈಕಲ್, ಕೂಡಲೇ ಕಯಾಕ್. ಆಗ ಗೊತ್ತಾಗುತ್ತದೆ. ಸೈಕಲ್ ತುಳಿದ ತೊಡೆಯ ಹಿಂಭಾಗ ಬಿಗಿದಿರುತ್ತದೆ. ಕಾಲು ಚಾಚಿ ನೆಟ್ಟಗೆ ಕೂರಲು ಹೋದರೆ ನಡು ಹಿಡಿಯುತ್ತದೆ. ಸೀಟಿನ ಕೆಳಗೆ ತೆಳುವಾದ ಫೋಮ್ ಹಾಕಬೇಕಾ, ಕಾಲಾನಿಕೆ ಒಂದಿಂಚು ಸರಿಸಬೇಕಾ ಅನ್ನುವುದು ಈ ಹೊತ್ತಲ್ಲೇ ತಿಳಿಯುವುದು.

ಊಟವೂ ಅಷ್ಟೇ. ಒಂದು ಭಾನುವಾರ ದಾರಿಯಲ್ಲಿ ಬಿಸಿಬಿಸಿ ಒಗ್ಗರಣೆ, ನಾಲ್ಕು ಮಿರ್ಚಿ ತಿಂದು ಕಯಾಕ್‌ನಲ್ಲಿ ಹೊಟ್ಟೆ ಮಡಚಿ ಕೂತೆ. ಉಳಿದದ್ದು ಬರೆಯಲಾರೆ. ಎರಡೂ ಕೈಯಲ್ಲಿ ಹುಟ್ಟು ಇರುವಾಗ ಪ್ಯಾಕೆಟ್ ಬಿಚ್ಚಲು ಆಗುವುದಿಲ್ಲ. ಶೇಂಗಾ ಚಿಕ್ಕಿಯನ್ನು ಮೊದಲೇ ತುಂಡು ಮಾಡಿ ಜಾಕೆಟ್ ಜೇಬಿಗೆ ಹಾಕಿಕೊಳ್ಳಿ. ನೀರಿನ ಚೀಲದ ಕೊಳವೆ ಬಾಯಿಯ ಹತ್ತಿರ ಇರಲಿ. ನೀರಿನ ಮೇಲೆ ಇದ್ದೇವಲ್ಲ ಅಂತ ಬಾಯಾರಿಕೆಯೇ ಮರೆತುಹೋಗುತ್ತದೆ. ನಮ್ಮ ಬಿಸಿಲು ಮರೆಯುವುದಿಲ್ಲ. ಮಾರ್ಚ್ ಬಂತೆಂದರೆ ಒಂಬತ್ತರೊಳಗೆ ದಡ ಸೇರಿ, ನೀರಿಗೆ ಉಪ್ಪು, ಸಕ್ಕರೆ ಬೆರೆಸಿಕೊಳ್ಳಿ.

ನ್ಯೂಜಿಲೆಂಡ್‌ಗೇ ಹೋಗುವವರಿಗೆ ಇದು ಉಲ್ಟಾ. ರೇಸ್ ನಡೆಯುವ ಫೆಬ್ರವರಿ ಅಲ್ಲಿ ಬೇಸಿಗೆ, ಆದರೂ ಬೆಟ್ಟದಿಂದ ಇಳಿಯುವ ನೀರು ಕೊರೆಯುತ್ತದೆ. ಹತ್ತಿ ಬನಿಯನ್ ಒದ್ದೆಯಾದರೆ ಮೈ ಬಿಸಿಯನ್ನೆಲ್ಲ ಹೀರುತ್ತದೆ. ಉಣ್ಣೆ ಅಥವಾ ಥರ್ಮಲ್ ಬಟ್ಟೆ ಬೇಕು. ಕೊಪ್ಪಳದಲ್ಲಿ ಅದನ್ನು ಹಾಕಿ ಅಭ್ಯಾಸ ಮಾಡಿ ಅಂತ ನಾನಂತೂ ಹೇಳುವುದಿಲ್ಲ.

ಇನ್ನು ಇಳಿಯುವುದು. ಇದನ್ನು ಯಾರೂ ಅಭ್ಯಾಸ ಮಾಡುವುದಿಲ್ಲ. ಗಂಟೆಗಟ್ಟಲೆ ಚಾಚಿಕೊಂಡಿದ್ದ ಕಾಲು ಜೋಮು ಹಿಡಿದಿರುತ್ತದೆ, ಆದರೆ ದಡದಲ್ಲಿ ಮುಂದಿನ ಸೈಕಲ್ ಕಾಯುತ್ತಿರುತ್ತದೆ. ಕೊನೆಯ ಐದು ನಿಮಿಷ ದೋಣಿಯೊಳಗೇ ಪಾದ ಆಡಿಸುತ್ತಾ ಬನ್ನಿ. ಇಳಿದು ನೂರು ಹೆಜ್ಜೆ ಓಡುವುದನ್ನು ಪ್ರತಿ ಸಲ ಮಾಡಿ. ನಾನು ಮೊದಲ ಸಲ ಆನೆಗೊಂದಿ ದಡದಲ್ಲಿ ಠೀವಿಯಿಂದ ಹಾರಿ ಇಳಿದೆ. ಮೊಣಕಾಲು ಮಡಚಿ ಕೆಸರಲ್ಲಿ ಕೂತೆ. ಬಟ್ಟೆ ಒಗೆಯುತ್ತಿದ್ದ ಅಜ್ಜಿಯೊಬ್ಬರು ಕೈ ನಿಲ್ಲಿಸಿ ಕೇಳಿದರು: ‘ಯಾಕಪ್ಪಾ, ಮೈಯಾಗ ಆರಾಮಿಲ್ಲೇನು?’