ಅಪಾರ್ಟ್‌ಮೆಂಟಲ್ಲಿ ಹೆಜ್ಜೇನು ಕಟ್ಟಿದೆಯಾ? ಮೊದಲು ಇದನ್ನು ಓದಿ

ಗೂಡು ಕಂಡ ಕೂಡಲೇ ಕೋಲು, ಜಿರಲೆ ಸ್ಪ್ರೇ ಹುಡುಕಬೇಡಿ. ದೂರ ನಿಂತು ಅದು ಯಾವ ಹುಳದ್ದು ಅಂತ ನೋಡಿ.

ಗೋಡೆಯ ತೂತಿನಿಂದ ಮೇಣದ ಸಣ್ಣ ಕೊಳವೆ ಹೊರಗೆ ಚಾಚಿ, ಪುಟಾಣಿ ಕಪ್ಪು ಹುಳ ಓಡಾಡುತ್ತಿದ್ದರೆ ಅದು ಮುಜಂಟಿ ಜೇನು. ಚುಚ್ಚುವುದೇ ಇಲ್ಲ. ಕಿಟಕಿ ಮೂಲೆಯ ಮಣ್ಣಿನ ಗೂಡು ಒಂಟಿ ಕಣಜದ್ದು, ಅದು ತನ್ನ ಪಾಡಿಗೆ ಇರುತ್ತದೆ. ಸಜ್ಜಾದ ಕೆಳಗೆ ಕಾಗದದಂಥ ಗೂಡು ಕಟ್ಟುವ ಕಣಜಗಳ ಹತ್ತಿರ ಹೋಗಬೇಡಿ. ಒಂದೇ ಹುಳ ಮತ್ತೆ ಮತ್ತೆ ಚುಚ್ಚುತ್ತದೆ.

ಎಲ್ಲಕ್ಕಿಂತ ಜಾಸ್ತಿ ಹುಷಾರಾಗಿರಬೇಕಾದ್ದು ಹೆಜ್ಜೇನಿಗೆ. ನೀರಿನ ಟ್ಯಾಂಕಿನ ಅಡಿಯಲ್ಲೋ ಮೇಲಿನ ಮಹಡಿಯ ಸಜ್ಜಾಕ್ಕೋ ಒಂದೇ ಒಂದು ದೊಡ್ಡ ಎರಿ ನೇತಾಡುತ್ತಿರುತ್ತದೆ, ಕೆಲವೊಮ್ಮೆ ಒಂದು ಮೀಟರ್ ಅಗಲ, ಅದರ ಮೇಲೆಲ್ಲಾ ಹುಳಗಳ ದಪ್ಪ ಪದರ. ಹುಳಗಳಿಗೆ ಗಾಬರಿಯಾದರೆ ಸಾಲುಸಾಲಾಗಿ ಹಿಂಭಾಗ ಎತ್ತಿ ಇಳಿಸುತ್ತವೆ, ಆಗ ಇಡೀ ಎರಿಯ ಮೇಲೆ ಅಲೆ ಎದ್ದ ಹಾಗೆ ಕಾಣುತ್ತದೆ. ಅದು ಕಂಡರೆ ಸದ್ದಿಲ್ಲದೆ ಹಿಂದೆ ಸರಿಯಿರಿ.

ಎರಿ ಎತ್ತರದಲ್ಲಿದ್ದು ಜನ ಓಡಾಡುವ ಜಾಗದಿಂದ ದೂರ ಇದ್ದರೆ, ದಯವಿಟ್ಟು ಸುಮ್ನೆ ಬಿಟ್ಟುಬಿಡಿ. ಹೆಜ್ಜೇನು ವಲಸೆ ಹೋಗುವ ಜೇನು, ಹೂವಿನ ಕಾಲ ಮುಗಿದರೆ ಕೆಲವು ತಿಂಗಳಲ್ಲಿ ತಾನಾಗಿಯೇ ಎದ್ದು ಹೋಗುತ್ತದೆ. ಅಲ್ಲಿಯವರೆಗೆ ಲಿಫ್ಟ್ ಹತ್ತಿರ ಒಂದು ಚೀಟಿ ಅಂಟಿಸಿ, ವಾಚ್‌ಮನ್‌ಗೂ ಕೆಲಸದವರಿಗೂ ಬಾಯಲ್ಲೇ ಹೇಳಿ, ಆ ಕಡೆ ಪೇಂಟಿಂಗ್, ಪಟಾಕಿ, ಕಸ ಸುಡುವುದು ಎಲ್ಲಾ ನಿಲ್ಲಿಸಿ. ರಾತ್ರಿ ಲೈಟಿಗೆ ಹುಳ ಬರುತ್ತದೆ, ಬಾಲ್ಕನಿ ದೀಪ ಆರಿಸಿ, ಕಿಟಕಿ ಮುಚ್ಚಿ. ಬೆಳಿಗ್ಗೆ ನೆಲದ ಮೇಲೆ ಬಿದ್ದಿರುವ ಹುಳ ಸತ್ತಿದ್ದರೂ ಅದರ ಕೊಂಡಿ ಚುಚ್ಚಬಲ್ಲದು, ಬರಿಗಾಲಲ್ಲಿ ಮಕ್ಕಳನ್ನು ಬಿಡಬೇಡಿ. ಜೇನು ಹೋದ ಮೇಲೆ ಮೇಣವನ್ನು ಚೆನ್ನಾಗಿ ಕೆರೆದು ಬಲೆ ಕಟ್ಟಿಸಿ, ಇಲ್ಲದಿದ್ದರೆ ಮುಂದಿನ ವರ್ಷ ಅದೇ ಜಾಗಕ್ಕೆ ಬರಬಹುದು.

ಶಾಲೆ ಬಾಗಿಲಲ್ಲೋ, ಮೆಟ್ಟಿಲ ಪಕ್ಕದಲ್ಲೋ ಕಟ್ಟಿದ್ದರೆ ತೆಗೆಸಲೇಬೇಕು. ಆದರೆ ಪಂಜು ಹಿಡಿದು ಸುಡುವವರನ್ನು, ವಿಷ ಹೊಡೆಯುವವರನ್ನು ಕರೆಯಬೇಡಿ. ರೊಚ್ಚಿಗೆದ್ದ ಹುಳಗಳು ಅಕ್ಕಪಕ್ಕದ ಮನೆಯವರ ಮೇಲೆ ಬೀಳುತ್ತವೆ, ವಿಷ ಬಿದ್ದ ಜೇನುತುಪ್ಪಕ್ಕೆ ಬೇರೆ ಜೇನುಗಳೂ ಮುತ್ತಿ ಸಾಯುತ್ತವೆ. ಮೈಮುಚ್ಚುವ ಬಟ್ಟೆ ಹಾಕಿ, ಹುಳ ಕೊಲ್ಲದೆ ಜೇನು ಬಿಡಿಸುವವರು ಬೇಕು. ಬೆಂಗಳೂರಿನವರು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಕ್ಯಾಂಪಸ್ಸಿನ ಜೇನು ಕೃಷಿ ವಿಭಾಗದಲ್ಲಿ ಕೇಳಿ ನೋಡಿ. ಕೆಲಸ ನಡೆಯುವ ಹೊತ್ತಿಗೆ ಸುತ್ತಲಿನ ಎಲ್ಲಾ ಮನೆಗಳ ಕಿಟಕಿ ಮುಚ್ಚಿರಬೇಕು.

ಜೇನು ಎದ್ದುಬಿಟ್ಟರೆ ಓಡಿ. ಕೈ ಬೀಸಬೇಡಿ, ಹುಳ ಹೊಸಕಬೇಡಿ. ಒಂದು ಚುಚ್ಚಿದರೆ ಅದರ ವಾಸನೆಗೆ ಉಳಿದವು ಅಲ್ಲಿಗೇ ಬರುತ್ತವೆ. ಮುಖ ಮುಚ್ಚಿಕೊಂಡು ಹತ್ತಿರದ ಮನೆಗೋ ಕಾರಿಗೋ ನುಗ್ಗಿ ಬಾಗಿಲು ಹಾಕಿಕೊಳ್ಳಿ. ನೀರಿಗೆ ಹಾರಿದರೆ ಮೇಲೆಯೇ ಕಾಯುತ್ತಾ ಸುತ್ತುತ್ತವೆ.

ಜೇನಿನ ಕೊಂಡಿ ಚರ್ಮದಲ್ಲೇ ಉಳಿದು ವಿಷ ಇಳಿಸುತ್ತಿರುತ್ತದೆ. ಉಗುರಲ್ಲೋ ಎಟಿಎಂ ಕಾರ್ಡಲ್ಲೋ ಥಟ್ಟನೆ ಕೆರೆದು ತೆಗೆಯಿರಿ. ಕೈಗೆ ಚುಚ್ಚಿದ್ದರೆ ಊದುವ ಮೊದಲೇ ಉಂಗುರ, ಬಳೆ ಬಿಚ್ಚಿ, ಸೋಪಿನಲ್ಲಿ ತೊಳೆದು ಐಸ್ ಇಡಿ. ಉಸಿರು ಕಟ್ಟಿದರೆ, ತುಟಿ ನಾಲಿಗೆ ಊದಿದರೆ, ಮೈಯೆಲ್ಲಾ ದದ್ದು ಎದ್ದರೆ, ತಲೆ ಸುತ್ತಿ ವಾಂತಿಯಾದರೆ ಸುಣ್ಣ ಹಚ್ಚುತ್ತಾ ಕೂರಬೇಡಿ, 108ಕ್ಕೆ ಫೋನ್ ಮಾಡಿ. ಒಂದೇ ಕಡಿತಕ್ಕೂ ಹೀಗಾಗಬಹುದು. ತುಂಬಾ ಕಡೆ ಚುಚ್ಚಿದ್ದರೆ, ಈಗ ಚೆನ್ನಾಗಿದ್ದೀನಿ ಅನಿಸಿದರೂ ಆಸ್ಪತ್ರೆಗೆ ಹೋಗಿ. ಕಿಡ್ನಿಗೆ ಆಗುವ ಪೆಟ್ಟು ತಡವಾಗಿ ಗೊತ್ತಾಗುತ್ತದೆ.